ನಾಲ್ಕು ಖಂಡುಗದ ಫ್ರೆಂಚು

ದೇವನಹಳ್ಳಿ ಕಡೆ ವಿಮಾನ ಹಾರಿದರೆ ನಾವೆಲ್ಲ ಕೈಲಿದ್ದ ಕೆಲಸ ಬಿಟ್ಟು ತಲೆ ಎತ್ತಿ ನೋಡುತ್ತಿದ್ದ ಕಾಲ ಅದು. ಕುಂದಾಣದ ಹತ್ತಿರದ ನಮ್ಮೂರಲ್ಲಿ ಅವರೆಕಾಯಿ ಸೊಗಡು, ರಾಗಿ ಹುಲ್ಲಿನ ದೂಳು ಎರಡೂ ಒಟ್ಟಿಗೆ ಮೂಗಿಗೆ ಬಡಿದರೆ ಸಂಕ್ರಾಂತಿ ಹತ್ತಿರ ಬಂತು ಅಂತ ಲೆಕ್ಕ. ನಿಮ್ಮೂರಲ್ಲೂ ಹಾಗೇ ಇದ್ದಿರಬೇಕು. ಆದರೆ ಆ ವಾಸನೆಗೆ ಫ್ರೆಂಚ್ ಅಂಕಿಗಳು ನೆನಪಾಗುವವಳು ಈ ಸೀಮೆಯಲ್ಲಿ ನಾನೊಬ್ಬಳೇ ಏನೋ!

ಇದಕ್ಕೆಲ್ಲ ನಮ್ಮಪ್ಪನೇ ಕಾರಣ. ಅಪ್ಪನಿಗೆ ಹೊಸ ಏರ್‌ಪೋರ್ಟಿನಲ್ಲಿ ಟ್ರಾಲಿ ಜೋಡಿಸುವ ಕೆಲಸ ಸಿಕ್ಕಿತ್ತು. ಆರನೇ ಕ್ಲಾಸಿಗೆ ನನ್ನನ್ನು ದೇವನಹಳ್ಳಿಯ ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಸೇರಿಸಲು ಹೋದಾಗ, ಮೂರನೇ ಭಾಷೆ ಹಿಂದಿಯೋ ಫ್ರೆಂಚೋ ಅಂತ ಕೇಳಿದರು. ಅಪ್ಪ ಹಿಂದೆಮುಂದೆ ನೋಡದೆ "ಫ್ರೆಂಚೇ ಹಾಕ್ಕೊಳ್ಳಿ ಸಾರ್" ಅಂದುಬಿಟ್ಟ. ಸಂಜೆಯೊಳಗೆ ಟೀ ಅಂಗಡಿಯಿಂದ ಹಾಲಿನ ಡೈರಿವರೆಗೂ ಸುದ್ದಿ ಮುಟ್ಟಿತ್ತು. "ನನ್ ಮಗ್ಳು ಫ್ರೆಂಚ್ ಕಲೀತಾವ್ಳೆ ಕಣ್ರಪ್ಪಾ!"

ಮಗಳ ಪಾಡು ಮಗಳಿಗೇ ಗೊತ್ತು. ಬರೆಯುವಾಗ ಒಂದಕ್ಕೆ ಉದ್ದ ಮೂಗು ಇಡಬೇಕು, ಏಳರ ನಡುವಿಗೆ ಅಡ್ಡಗೆರೆ ಎಳೆಯಬೇಕು. ಅದೆಲ್ಲ ಬಂತು. ಅರವತ್ತರವರೆಗೆ ಹೇಗೋ ತಳ್ಳಿಕೊಂಡು ಹೋದೆ. ಎಪ್ಪತ್ತಕ್ಕೆ ಗಾಡಿ ನಿಂತಿತು. ಆ ಫ್ರೆಂಚಿನವರಿಗೆ ಎಪ್ಪತ್ತಕ್ಕೆ ಬೇರೆ ಹೆಸರೇ ಇಲ್ಲ, ಅರವತ್ತು-ಹತ್ತು ಅಂತಾರೆ. ಎಂಬತ್ತು ಅಂದರೆ ನಾಲ್ಕು-ಇಪ್ಪತ್ತು. ತೊಂಬತ್ತೇಳಂತೂ ನಾಲ್ಕು-ಇಪ್ಪತ್ತು-ಹದಿನೇಳು!

"ಯಾಕ್ ಮಿಸ್ ಹಿಂಗೆ?" ಅಂತ ಕೇಳಿದೆ. ಪಾಂಡಿಚೇರಿಯಿಂದ ಬಂದಿದ್ದ ನಮ್ಮ ಸ್ಟೆಲ್ಲಾ ಮಿಸ್ ಚಾಕ್‌ಪೀಸ್ ಕೆಳಗಿಟ್ಟು, "ಅದು ಹಾಗೇಮ್ಮಾ. ಬಾಯಿಪಾಠ ಮಾಡು" ಅಂದರು. ಸಂಕ್ರಾಂತಿ ರಜೆ ಮುಗಿದ ಮೇಲೆ ನೂರರವರೆಗೆ ಹೇಳಿ, ಬೋರ್ಡಿನ ಮೇಲೆ ಬರೆಯಲಾಗದವರನ್ನು ಹಿಂದಿ ಕ್ಲಾಸಿಗೆ ಕಳಿಸುತ್ತೇನೆ ಅಂತಲೂ ಹೇಳಿದರು. ನನಗೆ ಹಿಂದಿ ಮೇಲೇನೂ ಸಿಟ್ಟಿರಲಿಲ್ಲ. ಆದರೆ ಅಪ್ಪ ಟೀ ಅಂಗಡಿ ಮುಂದೆ ತಲೆ ತಗ್ಗಿಸಿಕೊಂಡು ಹೋಗುವುದನ್ನು ನೆನೆಸಿಕೊಂಡರೆ, ಹಿಸುಕಿದ ಬೇಳೆ ಸಾರಿದ್ದರೂ ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ರಜೆಯಲ್ಲಿ ನಮ್ಮ ಒಕ್ಕಣೆ. ಊರವರೆಲ್ಲ ಟಾರ್ ರೋಡಿನ ಮೇಲೆ ರಾಗಿ ಹರಡಿ ಬಸ್ಸು ಲಾರಿ ಕೈಲಿ ತುಳಿಸುತ್ತಿದ್ದರೆ, ಅಪ್ಪನ ಅಪ್ಪ, ನಮ್ಮ ತಾತ ಮಾತ್ರ "ತಿನ್ನೋ ಅನ್ನದ್ ಮೇಲೆ ಟೈರ್ ಹತ್ತುಸ್ತಾರೇನ್ರಲಾ?" ಅಂತ ಬೈಯುತ್ತ, ಸಗಣಿ ಬಗ್ಗಡದಲ್ಲಿ ಸಾರಿಸಿದ ಕಣದಲ್ಲೇ ಒಕ್ಕಿಸುತ್ತಿದ್ದ. ತೂರಿ ರಾಶಿ ಮಾಡಿ, ರಾಶಿಯ ನೆತ್ತಿಗೆ ಸಗಣಿ ಬೆನಕನನ್ನಿಟ್ಟು ಕೈಮುಗಿದು, ಕೊಳಗ ತುಂಬಿ ತುಂಬಿ ಅಳೆಯಲು ಕೂತ. ಎಣಿಸುವ ಕೆಲಸ ನನ್ನದು. ಅಭ್ಯಾಸವೂ ಆದಂಗಾಯ್ತು ಅಂತ ಫ್ರೆಂಚಲ್ಲೇ ಶುರು ಮಾಡಿದೆ.

"ಅನ್..."

ತಾತನ ಕೈ ನಿಂತಿತು. "ಏನಂದೆ?"

"ಒಂದು ಅಂತ, ತಾತ. ಫ್ರೆಂಚು."

"ಯಾವ್ ಭಾಷೆ ಆದ್ರೇನು, ಕಣದಲ್ಲಿ ಒಂದು ಅನ್ಬಾರ್ದು ಕಣವ್ವಾ. ಮೊದಲ್ನೇದು ಲಾಭ. ಆಮೇಲೆ ಏನಾದ್ರೂ ಅನ್ಕೋ ಹೋಗು."

"ಲಾಭ, ದ, ತ್ರ್ವಾ, ಕಾತ್ರ..."

ಇಪ್ಪತ್ತು ಕೊಳಗ ಆಗುತ್ತಲೇ ತಾತ ಒಂದು ಹಿಡಿ ರಾಗಿ ತೆಗೆದು ಪಕ್ಕಕ್ಕೆ ಗುಡ್ಡೆ ಇಟ್ಟ. "ಖಂಡುಗ ಆಯ್ತು." ಮತ್ತೆ ಲಾಭದಿಂದ ಶುರು. ಎರಡನೇ ಗುಡ್ಡೆ, ಮೂರನೇದು, ನಾಲ್ಕನೇದೂ ಬಿತ್ತು. ಅವನ್ನೇ ನೋಡುತ್ತ ಕೂತಿದ್ದವಳಿಗೆ ಮೈ ಜುಮ್ಮೆಂದಿತು. ಅಯ್ಯೋ, ನಾಲ್ಕು ಖಂಡುಗ ಅಂದರೆ ನಾಲ್ಕು ಇಪ್ಪತ್ತೇ ಅಲ್ಲವಾ? ಕಾತ್ರ-ವ್ಯಾಂ! ಮೇಲೆ ಹದಿನೇಳು ಕೊಳಗ ಬಿದ್ದರೆ ತೊಂಬತ್ತೇಳು. ಮೂರು ಖಂಡುಗದ ಮೇಲೆ ಹತ್ತು ಕೊಳಗ ಬಿದ್ದರೆ ಎಪ್ಪತ್ತು.

"ತಾತ, ಫ್ರೆಂಚ್‌ನೋರೂ ನಿನ್ನಂಗೇ ಖಂಡುಗದಲ್ಲಿ ಎಣಿಸ್ತಾರೆ!"

ತಾತ ಹುಬ್ಬಿನ ಮೇಲಿನ ಹೊಟ್ಟು ಒರೆಸಿಕೊಂಡ. "ಹೌದಾ? ಅಲ್ಲೂ ರಾಗಿ ಬೆಳೀತಾರಾ?"

"ಬೆಳೆಯಲ್ಲ ಅನ್ಸುತ್ತೆ."

"ಅಯ್ಯೋ ಪಾಪ. ಮತ್ತಿನ್ನೇನ್ ಅಳೀತಾರೋ!"

ರಜೆ ಮುಗಿದು ಬೋರ್ಡ್ ಮುಂದೆ ನಿಂತೆ. ಗಟ್ಟಿಯಾಗಿ ಬಾಯಿಬಿಟ್ಟೆ: "ಲಾಭ!" ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಮಿಸ್ ಹುಬ್ಬು ಗಂಟಿಕ್ಕಿ ಅದೇನು ಅಂತ ಕೇಳಿದರು.

"ನಮ್ ಕಣದಲ್ಲಿ ಒಂದಕ್ಕೆ ಹಂಗೇ ಅನ್ನೋದು ಮಿಸ್."

ನನ್ನ ಮುಖ ನೋಡಿ ಏನನ್ನಿಸಿತೋ, "ಸರಿ, ಮುಂದೆ ಹೇಳು" ಅಂದರು. ಕಣ್ಣು ಮುಚ್ಚಿಕೊಂಡೆ. ರಾಗಿ ಗುಡ್ಡೆಗಳು ಸಾಲಾಗಿ ಕಂಡವು. ಎಪ್ಪತ್ತು ದಾಟಿತು, ಎಂಬತ್ತು ದಾಟಿತು, ನೂರು ಮುಟ್ಟುವ ಹೊತ್ತಿಗೆ ನಗು ನಿಂತಿತ್ತು. ಬೋರ್ಡಿನ ಮೇಲೆ ಬರೆದು, ಏಳು ಬಂದಲ್ಲೆಲ್ಲ ಮರೆಯದೆ ಅಡ್ಡಗೆರೆ ಎಳೆದೆ. ಆ ಸಂಜೆ ಅಪ್ಪ ಅಂಗಡಿ ಮುಂದೆ ಕೂತಿದ್ದವರಿಗೆಲ್ಲ ಟೀ ಕುಡಿಸಿದ.

ಕೆಲವೇ ವರ್ಷಕ್ಕೆ ನಮ್ಮ ಹೊಲದ ಮುಕ್ಕಾಲು ಪಾಲು ರಸ್ತೆಗೆ ಹೋಯಿತು. ಉಳಿದ ಮೂಲೆಯ ರಾಗಿಯನ್ನು ತಾತ ಹಟಕ್ಕೆ ಬಿದ್ದು ಕಣದಲ್ಲೇ ಒಕ್ಕಿಸಿದ. "ನಿನ್ ಫ್ರೆಂಚಲ್ಲೇ ಎಣ್ಸು ಮಗಾ" ಅಂದ. ಲಾಭ ಅಂತ ಶುರು ಮಾಡಿದೆ. ಇಪ್ಪತ್ತು ಮುಟ್ಟುವ ಮೊದಲೇ ರಾಶಿ ಮುಗಿಯಿತು. ಗುಡ್ಡೆ ಇಡಲು ಅಂತ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ ರಾಗಿಯನ್ನು ತಾತ ಸುಮ್ಮನೆ ಕೊಳಗಕ್ಕೇ ಸುರಿದ.

ಈಗ ತಾತ ಇಲ್ಲ. ಕಣ ಇದ್ದ ಕಡೆ ಯಾರದೋ ಗೋಡೌನ್ ನಿಂತಿದೆ. ನಾನು ದೊಡ್ಡಬಳ್ಳಾಪುರದ ಒಂದು ಸ್ಕೂಲಲ್ಲಿ ಫ್ರೆಂಚ್ ಹೇಳಿಕೊಡುತ್ತೇನೆ. ಪ್ರತಿ ವರ್ಷ ಎಂಬತ್ತು ಬಂದಾಗ ಯಾವುದಾದರೂ ಒಂದು ಮಗು ಎದ್ದು ನಿಂತು ಕೇಳಿಯೇ ಕೇಳುತ್ತದೆ, "ಯಾಕ್ ಮಿಸ್, ನಾಲ್ಕು ಇಪ್ಪತ್ತು?" ಮೊದಮೊದಲು ಆಸೆಯಿಂದ ಖಂಡುಗದ ಲೆಕ್ಕ ಹೇಳುತ್ತಿದ್ದೆ. ಖಂಡುಗ ಅಂದ್ರೇನು ಮಿಸ್, ಕೊಳಗ ಅಂದ್ರೇನು, ಕಣ ಅಂದ್ರೇನು ಅಂತ ಕೇಳುತ್ತ ಕೇಳುತ್ತ ಬೆಲ್ ಹೊಡೆದುಬಿಡುತ್ತಿತ್ತು. ತೋರಿಸೋಣ ಅಂದರೆ ಎಲ್ಲಿಗೆ ಅಂತ ಕರೆದುಕೊಂಡು ಹೋಗಲಿ? ಈಗ ಚಾಕ್‌ಪೀಸ್ ಕೆಳಗಿಟ್ಟು ಹೇಳುತ್ತೇನೆ:

"ಅದು ಹಾಗೇಮ್ಮಾ. ಬಾಯಿಪಾಠ ಮಾಡು."