ಮೊದಲ ಬಟ್ಟಲು ನನ್ನ ಮಗಳಿಗೆ

ಮೊದಲು ನನ್ನ ಗಮನಕ್ಕೆ ಬಂದದ್ದು ಅವಳ ಕೈ. ಸಿಂಧುವಿಗೆ ಸ್ನಾನ ಮಾಡಿಸುತ್ತಿದ್ದೆ, ಗಾಜಿನ ಬಳೆಗಳು ತಾವಾಗಿಯೇ ಜಾರಿ ಬಚ್ಚಲ ಕಲ್ಲಿನ ಮೇಲೆ ಬಿದ್ದವು. ಯುಗಾದಿಗೆ ಸೋಪು ಹಚ್ಚಿ, ಅವಳನ್ನು ಅಳಿಸಿ ತೊಡಿಸಿದ್ದ ಬಳೆಗಳು. ಆಗ ಅವಳಿಗೆ ಎರಡೂವರೆ ವರ್ಷ. ಕೈಕಾಲು ಸಣ್ಣಗಾಗಿದ್ದವು. ಹೊಟ್ಟೆ ಮಾತ್ರ ಮುಂದಕ್ಕೆ ಬಂದಿತ್ತು.

ನಾನು ಹಾಸನದ ಕಡೆಯ ಪಾಳ್ಯ ಎಂಬ ಊರಿನ ಹತ್ತಿರದ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಊರಿನವರ ಬಾಯಲ್ಲಿ ಟೀಚರ್. ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡಿ, ಕಾರ್ಡಿನಲ್ಲಿ ಚುಕ್ಕೆ ಇಟ್ಟು ಗೆರೆ ಎಳೆಯುವುದು ನನ್ನ ಕೆಲಸ. ಗೆರೆ ಮೇಲೆ ಹೋದರೆ ತಾಯಿಗೆ ಶಹಬ್ಬಾಸ್, ಕೆಳಗೆ ಬಂದರೆ ಉಪದೇಶ. ಊರ ಮಕ್ಕಳ ಗೆರೆಯನ್ನೆಲ್ಲ ಓದಿ ಹೇಳುತ್ತಿದ್ದವಳು, ನನ್ನ ಮಗಳ ಗೆರೆ ಮೂರು ತಿಂಗಳಿಂದ ಅಡ್ಡಡ್ಡ ಮಲಗಿದ್ದರೂ ದವಡೆ ಹಲ್ಲು ಬರುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ನಾಲ್ಕನೇ ತಿಂಗಳು ಅದು ಕೆಳಗೆ ಬಂತು.

ಆಮೇಲೆ ಭೇದಿ. ದಿನಕ್ಕೆ ಐದಾರು ಸಲ, ಮಾಸಲು ಬಣ್ಣದ್ದು, ಎಣ್ಣೆ ಬೆರೆಸಿದಂತೆ, ತಡೆಯಲಾಗದ ವಾಸನೆ. ಸದಾ ಕಿರಿಕಿರಿ. ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ಅತ್ತೆ ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. ನಾನು ಜಂತುಹುಳದ ಮಾತ್ರೆ ಕೊಟ್ಟೆ, ಓಆರ್‌ಎಸ್ ಕುಡಿಸಿದೆ. ಅವರದ್ದೂ ನಾಟಲಿಲ್ಲ, ನನ್ನದೂ ನಾಟಲಿಲ್ಲ.

ಇಲ್ಲಿ ಗೋಧಿ ಗಂಜಿಯ ವಿಷಯ ಹೇಳಲೇಬೇಕು. ನಮ್ಮ ಕೇಂದ್ರಕ್ಕೆ ಮೂಟೆಯಲ್ಲಿ ಗೋಧಿ ನುಚ್ಚು ಬರುತ್ತದೆ. ಸಹಾಯಕಿ ಲಕ್ಕಮ್ಮ ಅದನ್ನು ಹುರಿದು, ಬೇಯಿಸಿ, ಬೆಲ್ಲ ಹಾಕಿ ಬೆಳಿಗ್ಗೆ ಬಿಸಿಬಿಸಿ ಗಂಜಿ ಮಾಡುತ್ತಾಳೆ. ನಮ್ಮದು ರಾಗಿ, ಭತ್ತದ ಸೀಮೆ. ಗೋಧಿ ಉಷ್ಣ, ಮಕ್ಕಳಿಗೆ ಆಗಲ್ಲ ಎಂದು ತಾಯಂದಿರು ಮೂತಿ ತಿರುಗಿಸುತ್ತಿದ್ದರು. ಕೆಲವರು ಪಾತ್ರೆಯಲ್ಲಿ ಇಸಿದುಕೊಂಡು ಹೋಗಿ ಎಮ್ಮೆಗೆ ಹಾಕುತ್ತಿದ್ದರು. ಟ್ರೈನಿಂಗಿನಲ್ಲಿ ನಮಗೆ ಒಂದು ಮಾತು ಹೇಳಿಕೊಟ್ಟಿದ್ದರು: ಬಾಯಲ್ಲಿ ಹೇಳಬೇಡಿ, ಮಾಡಿ ತೋರಿಸಿ. ನಾನು ಮಾಡಿ ತೋರಿಸಿದೆ. ಸಿಂಧುವಿಗೆ ಒಂದು ವರ್ಷ ತುಂಬಿದ ಮೇಲೆ ದಿನಾ ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಎಲ್ಲ ತಾಯಂದಿರ ಎದುರಿಗೆ ಮೊದಲ ಬಟ್ಟಲು ಅವಳಿಗೆ ತಿನ್ನಿಸಿದೆ. "ನೋಡ್ರವ್ವಾ, ನನ್ ಮಗೀಗೇ ಕೊಡ್ತಾ ಇದೀನಿ. ಕೆಟ್ಟದ್ದಾಗಿದ್ರೆ ಕೊಡ್ತಿದ್ನಾ?" ಎನ್ನುತ್ತಿದ್ದೆ. ಆ ಮಾತು ಕೆಲಸ ಮಾಡಿತು. ವರ್ಷದೊಳಗೆ ಊರ ಮಕ್ಕಳೆಲ್ಲ ತಟ್ಟೆ ನೆಕ್ಕುವಂತಾದರು, ಅವರ ಗೆರೆಗಳೂ ಏರಿದವು. ಮೀಟಿಂಗಿನಲ್ಲಿ ಮೇಲಿನವರು ನನ್ನ ಹೆಸರು ಹೇಳಿ ಹೊಗಳಿದರು.

ಅತ್ತೆಗೆ ಮಾತ್ರ ಒಪ್ಪಿಗೆಯಿರಲಿಲ್ಲ. ಅವರು ರಾಗಿ ನೆನೆಸಿ, ಮೊಳಕೆ ಕಟ್ಟಿ, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದು ಮಗುವಿಗೆ ಕಾಯಿಸಿ ಕುಡಿಸುವ ರಾಗಿಸರಿ ಹಿಟ್ಟು ಮಾಡುತ್ತಿದ್ದರು. ನನ್ನ ಗಂಡ ಬೆಳೆದದ್ದು ಅದರಲ್ಲೇ. ನಾನು ಅದನ್ನು ಡಬ್ಬಿಯಲ್ಲೇ ಬಿಟ್ಟೆ. ಗೋಧಿಯಲ್ಲಿ ಪ್ರೋಟೀನ್ ಜಾಸ್ತಿ, ನಾರಿದೆ, ಕಬ್ಬಿಣವಿದೆ ಎಂದು ಅವರಿಗೂ ಪಾಠ ಹೇಳಿದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದಕ್ಕೆ ನನಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮೇ ತಿಂಗಳ ರಜೆಯಲ್ಲಿ ಯಸಳೂರಿನ ಕಡೆಯಿರುವ ತವರಿಗೆ ಹೋದೆವು. ಅಲ್ಲಿ ಬೆಳಿಗ್ಗೆ ಅಕ್ಕಿ ರೊಟ್ಟಿ, ಇಲ್ಲವೇ ಅಕ್ಕಿ ತರಿಯ ಕಡುಬು. ಹದಿನೈದು ದಿನದಲ್ಲಿ ಮಗು ಬೇರೆಯೇ ಆಯಿತು. ಭೇದಿ ಕಡಿಮೆಯಾಯಿತು. ನಕ್ಕಿತು. ಕೋಳಿ ಮರಿಯ ಹಿಂದೆ ಓಡಿತು. ನೀರು ಬದಲಾಗಿದ್ದಕ್ಕೆ ಎಂದುಕೊಂಡೆ. ವಾಪಸ್ ಬಂದು ಒಂದು ವಾರಕ್ಕೆ ಮತ್ತೆ ಶುರು.

"ನೀರಲ್ಲ ಕಣೇ," ಅಂದರು ಅತ್ತೆ. "ಅಲ್ಲಿ ಅಕ್ಕಿ ತಿಂದ್ಲು, ನೆಟ್ಟಗಿದ್ಲು. ನಿನ್ ಗೋಧಿ ಇವ್ಳಿಗೆ ಒಗ್ಗಕ್ಕಿಲ್ಲ. ನಾಕ್ ದಿನ ಬಿಟ್ ನೋಡು."

"ಸುಮ್ನಿರಿ ಅತ್ತೆ. ನೀವು ಓದಿದೀರಾ, ನಾನು ಓದಿದೀನಾ?"

ಹೌದು, ಹಾಗೆಂದೆ. ಅಲ್ಲಿಗೂ ನಿಲ್ಲಿಸಲಿಲ್ಲ. ಮಗು ಸೊರಗಿದೆ, ಶಕ್ತಿ ಬೇಕು ಎಂದು ಸಂಜೆಗೂ ಒಂದು ಬಟ್ಟಲು ಗಂಜಿ ಶುರು ಮಾಡಿದೆ. ಅವಳು ಬಾಯಿ ಬಿಗಿ ಹಿಡಿದರೆ ಕೆನ್ನೆ ಒತ್ತಿ ಚಮಚ ಇಡುತ್ತಿದ್ದೆ.

ಮಳೆಗಾಲದ ಹೊತ್ತಿಗೆ ಅವಳು ನಡೆಯುವುದನ್ನು ಬಿಟ್ಟಳು.

ಹಾಸನದಲ್ಲಿ ತೋರಿಸಿದೆವು. ರಕ್ತ ಪರೀಕ್ಷೆ, ಎಕ್ಸ್‌ರೇ, ಟಿಬಿ ಇರಬಹುದೇ ಎಂದು ಕೈಗೆ ಚುಚ್ಚಿ ನೋಡಿದರು. ಇಲ್ಲ. ರಕ್ತ ತುಂಬಾ ಕಡಿಮೆಯಿದೆ, ಟಾನಿಕ್ ಕೊಡಿ, ಪೌಷ್ಟಿಕ ಆಹಾರ ಕೊಡಿ ಎಂದರು. ಪೌಷ್ಟಿಕ ಆಹಾರ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲವಲ್ಲ.

ಕೊನೆಗೆ ಮಂಗಳೂರಿಗೆ ಹೊರಟೆವು. ನನ್ನ ಗಂಡ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಭಾನುವಾರ ಮಾತ್ರ ಮನೆಗೆ ಬರುವವರು. ಅವತ್ತು ರಜೆ ಹಾಕಿ ಬಂದರು. ಹಳಿ ಬದಲಾಯಿಸುವ ಕೆಲಸಕ್ಕೆಂದು ರೈಲು ನಿಂತು ವರ್ಷಗಳಾಗಿದ್ದವು, ಬಸ್ಸೇ ಗತಿ. ಶಿರಾಡಿ ಘಾಟಿಯಲ್ಲಿ ಮೂರು ಸಲ ಬಸ್ ನಿಲ್ಲಿಸಬೇಕಾಯಿತು. ಮೂರನೇ ಸಲ ಹಿಂದಿನಿಂದ ಯಾರೋ ಗೊಣಗಿದರು. ಡ್ರೈವರ್ ತಿರುಗಿ ನೋಡದೆ, "ಸುಮ್ಕಿರು ಮಾರಾಯ, ಮಗು ಅದು," ಎಂದ. ನನ್ನ ಗಂಡ ರಸ್ತೆ ಬದಿಯ ಝರಿಯ ನೀರಿನಲ್ಲಿ ಅವಳನ್ನು ತೊಳೆದರು. ಅಂಗಿ ಎತ್ತಿದಾಗ ಬೆನ್ನ ಮೂಳೆ ಒಂದೊಂದಾಗಿ ಕಂಡಿತು. ಅವರು ತಮ್ಮ ಶರ್ಟ್ ಬಿಚ್ಚಿ ಅವಳಿಗೆ ಸುತ್ತಿ, ಬರೀ ಬನಿಯನ್ನಿನಲ್ಲಿ ಬಸ್ ಹತ್ತಿದರು. ಇವಳು ವಾಪಸ್ ಬರುವುದಿಲ್ಲ ಎಂದು ನನಗೆ ಅವತ್ತು ಖಂಡಿತವಾಗಿತ್ತು.

ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿಕೊಂಡರು. ಡಾಕ್ಟರ್ ವಯಸ್ಸಾದ ಹೆಂಗಸು, ನಿಧಾನಕ್ಕೆ ಮಾತಾಡುವವರು. ಹುಟ್ಟಿದಾಗಿನಿಂದ ಎಲ್ಲ ಕೇಳಿ ಬರೆದುಕೊಂಡರು.

"ಬೆಳಿಗ್ಗೆ ಏನು ಕೊಡ್ತೀರಮ್ಮ?"

"ಗೋಧಿ ಗಂಜಿ ಮೇಡಂ. ಈಗ ಸಂಜೆಗೂ ಕೊಡ್ತೀನಿ. ಒಂದು ದಿನಾನೂ ತಪ್ಪಿಸಿಲ್ಲ."

ನಾನು ಅದನ್ನು ಹೆಮ್ಮೆಯಿಂದ ಹೇಳಿದೆ.

ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಗಂಜಿ ಯಾವಾಗ ಶುರು ಮಾಡಿದಿರಿ, ಯಾವಾಗಲಾದರೂ ಬಿಟ್ಟಿದ್ದಿರಾ, ಬಿಟ್ಟಾಗ ಹೇಗಿದ್ದಳು ಎಂದು ಕೇಳಿದರು. ತವರಿನ ಹದಿನೈದು ದಿನದ ಕಥೆ ಹೇಳುತ್ತಾ ಹೇಳುತ್ತಾ ನನ್ನ ದನಿ ತಗ್ಗಿತು. ರಕ್ತ ತೆಗೆದರು. ಬಾಯಿಯಿಂದ ಪೈಪು ಇಳಿಸಿ ಎಂಡೋಸ್ಕೋಪಿ ಮಾಡಿದರು, ಕರುಳಿನ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬರಲು ಒಂದು ವಾರವಾಯಿತು.

ಸೀಲಿಯಾಕ್ ಡಿಸೀಸ್.

"ಚಪಾತಿ ಹಿಟ್ಟು ಎಳೆದರೆ ಹಿಗ್ಗುತ್ತಲ್ಲ ಅಮ್ಮ, ಆ ಅಂಟಿಗೆ ಗ್ಲುಟೆನ್ ಅಂತಾರೆ. ಇವಳ ಕರುಳಿಗೆ ಅದು ಆಗಲ್ಲ. ತಿಂದಾಗಲೆಲ್ಲ ಕರುಳಿನ ಒಳಗೋಡೆ ಹಾಳಾಗುತ್ತೆ. ಆಮೇಲೆ ಹಾಲು, ಮೊಟ್ಟೆ, ಟಾನಿಕ್ ಏನು ಕೊಟ್ಟರೂ ಮೈಗೆ ಹತ್ತಲ್ಲ. ಜೀವ ಇರೋವರೆಗೆ ಗೋಧಿ ಬೇಡ. ರವೆ, ಮೈದಾ, ಬಿಸ್ಕತ್ತು, ಬ್ರೆಡ್ ಯಾವುದೂ ಬೇಡ."

"ಮತ್ತೆ ಏನು ಕೊಡಲಿ?"

"ಅಕ್ಕಿ ಕೊಡಿ. ರಾಗಿ ಕೊಡಿ. ರಾಗಿಯಲ್ಲಿ ಆ ಅಂಟಿಲ್ಲ, ಸುಣ್ಣದ ಅಂಶ ಬೇರೆ ಇದೆ. ನಿಮ್ಮ ಕಡೆ ಮನೇಲೇ ಬೆಳೀತೀರಲ್ಲ?"

ವಾರ್ಡಿನ ಹೊರಗೆ ಬಂದು ಗೋಡೆ ಹಿಡಿದು ಕೂತೆ. ಕಾಯಿಲೆ ಅವಳ ಮೈಯಲ್ಲೇ ಇತ್ತು, ನೀವು ತಂದದ್ದಲ್ಲ ಎಂದು ಮೇಡಂ ಹೇಳಿದ್ದರು. ಇರಬಹುದು. ಆದರೆ ಕೆನ್ನೆ ಒತ್ತಿ ಚಮಚ ಇಟ್ಟದ್ದು ಈ ಕೈ. ಬಡತನದಿಂದ ಮಗುವಿಗೆ ಊಟ ಕೊಡಲಾಗದ ತಾಯಂದಿರನ್ನು ನೋಡಿದ್ದೇನೆ. ಊಟ ಕೊಟ್ಟು ಕೊಟ್ಟೇ ಮಗುವನ್ನು ಸಾವಿನ ಬಾಗಿಲಿಗೆ ಒಯ್ದವಳನ್ನು ನೋಡಿರಲಿಲ್ಲ.

ಮನೆಗೆ ಬಂದ ದಿನ ಅತ್ತೆಗೆ ಎಲ್ಲ ಹೇಳಿದೆ. ನಾನು ಆಗಲೇ ಹೇಳಿರಲಿಲ್ವಾ ಎನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ಎದ್ದು ಒಳಗೆ ಹೋಗಿ ರಾಗಿ ನೆನೆಹಾಕಿದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಈಗ ಎಂಟು ತಿಂಗಳಾಗಿದೆ. ನಾನು ದಿನಾ ಬೆಳಿಗ್ಗೆ ಕೇಂದ್ರಕ್ಕೆ ಹೋಗಿ ಅದೇ ಗೋಧಿ ಗಂಜಿ ಬಡಿಸುತ್ತೇನೆ. ತಿನ್ನಿಸಿ, ಒಳ್ಳೆಯದು ಎಂದು ತಾಯಂದಿರಿಗೆ ಹೇಳುತ್ತೇನೆ. ಸುಳ್ಳಲ್ಲ, ಆ ಮಕ್ಕಳಿಗೆ ಅದು ಒಳ್ಳೆಯದೇ. ಆದರೂ ಯಾವ ಮಗುವಿನ ಹೊಟ್ಟೆ ಸ್ವಲ್ಪ ಉಬ್ಬಿದಂತೆ ಕಂಡರೂ ಸೌಟು ಹಿಡಿದ ಕೈ ನಿಂತುಬಿಡುತ್ತದೆ. "ಟೀಚರ್ ಮಗು ಎಲ್ಲಿ, ಗಂಜಿಗೆ ಬರಾಕಿಲ್ವಾ?" ಎಂದು ಶುರುವಿನಲ್ಲಿ ಕೇಳುತ್ತಿದ್ದರು. ಲಕ್ಕಮ್ಮನೇ ಏನೋ ಹೇಳಿ ಬಾಯಿ ಮುಚ್ಚಿಸಿದಳು.

ಸಿಂಧು ಅತ್ತೆಯ ಜೊತೆ ಮನೆಯಲ್ಲೇ ಇರುತ್ತಾಳೆ. ಕಾಯಿಲೆ ಜೋರಾಗುವ ಮುಂಚೆ ಅವಳಿಗೆ ಗಂಜಿ ಇಷ್ಟವಿತ್ತು, ಅದು ಇನ್ನೊಂದು ಹಿಂಸೆ. ಗಾಳಿ ಈ ಕಡೆ ಬೀಸಿ ಬೆಲ್ಲದ ವಾಸನೆ ಬಂದರೆ ಬೇಕು ಎಂದು ಅಳುತ್ತಾಳೆ. ಒಮ್ಮೆ ನಾನು ಕೇಂದ್ರದಿಂದ ಬಂದವಳು, ನುಚ್ಚಿನ ಪುಡಿ ಮೆತ್ತಿದ ಕೈಯನ್ನು ಬರೀ ನೀರಿನಲ್ಲಿ ಅದ್ದಿ ಅವಳಿಗೆ ಮೊಸರನ್ನ ತಿನ್ನಿಸಿಬಿಟ್ಟೆ. ಮಾರನೆಯ ದಿನದಿಂದ ನಾಲ್ಕು ದಿನ ಭೇದಿ. ಆ ಪುಡಿಯಿಂದಲೇ ಆಯಿತೋ, ಬೇರೆ ಏನೋ ಗೊತ್ತಿಲ್ಲ. ಅಂದಿನಿಂದ ಅತ್ತೆ ಬಾಗಿಲಲ್ಲೇ ಬಕೆಟ್ಟು, ಸೋಪು, ಬೇರೆ ಸೀರೆ ಇಡುತ್ತಾರೆ.

ಮೊನ್ನೆ ತೂಕ ನೋಡಿದೆ. ಗೆರೆ ಮೇಲೆ ಹೋಗಿದೆ, ಒಂದು ಉಗುರಿನಷ್ಟು. ಎತ್ತರ ಎಷ್ಟು ಬರುತ್ತದೋ ಈಗ ಹೇಳಲಾಗದು ಎಂದಿದ್ದಾರೆ ಡಾಕ್ಟರ್. ಬಳೆ ಇನ್ನೂ ಕೈಯಲ್ಲಿ ನಿಲ್ಲುವುದಿಲ್ಲ. ಆದರೆ ಜೀವಂತ ಇದ್ದಾಳೆ, ನಡೆಯುತ್ತಾಳೆ. ಇಷ್ಟಕ್ಕೆ ದೇವರಿಗೆ ಕೈ ಮುಗಿಯಬೇಕು, ಮುಗಿಯುತ್ತೇನೆ.

ಬೇರೆ ಮಕ್ಕಳು ಅಮ್ಮನನ್ನು ಕಂಡರೆ ಓಡಿ ಬಂದು ಕಾಲು ತಬ್ಬುತ್ತವೆ. ಇವಳು ನಾನು ಬರುವುದನ್ನು ಕಂಡರೆ ಹೊಸ್ತಿಲ ಒಳಗೆ ನಿಂತು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾಳೆ.

"ಕೈ ತೊಳ್ಕೊಂಡ್ಯಾ ಅಮ್ಮ?"

ತೊಳೆದು, ಸೀರೆ ಬದಲಾಯಿಸಿ, ಅಂಗೈ ಚಾಚುತ್ತೇನೆ. ಹತ್ತಿರ ಬಂದು ಮೂಸಿ ನೋಡುತ್ತಾಳೆ. ಬರೀ ಸೋಪಿನ ವಾಸನೆಯಿದ್ದರೆ ಮಾತ್ರ ನನ್ನ ತೊಡೆಯ ಮೇಲೆ ಬಂದು ಕೂರುತ್ತಾಳೆ.