ಹಸನಬ್ಬರ ಪಾರಿವಾಳಗಳು ಮತ್ತು ನನ್ನ ಅರ್ಧ ಸಲಹೆ

ಅರವತ್ತರ ದಶಕದ ಮೊದಲ ವರ್ಷಗಳು. ನಾನಾಗ ಬಂಟ್ವಾಳದಲ್ಲಿ ಪಶುವೈದ್ಯನಾಗಿದ್ದೆ. ದನ, ಕೋಣಗಳಿಗೆ ಮದ್ದು ಮಾಡಿ ಅಷ್ಟಿಷ್ಟು ಹೆಸರು ಗಳಿಸಿದ್ದ ನನಗೆ ಪಾರಿವಾಳದ ಕಾಯಿಲೆ ಎಂದರೆ ಸ್ವಲ್ಪ ತಾತ್ಸಾರವೇ ಇತ್ತು.

ಒಂದು ಬೆಳಿಗ್ಗೆ ಪೇಟೆಯ ಒಣಮೀನು ವ್ಯಾಪಾರಿ ಹಸನಬ್ಬ ಸತ್ತ ಪಾರಿವಾಳವೊಂದನ್ನು ಕಾಗದದಲ್ಲಿ ಸುತ್ತಿ ತಂದರು. ಸಾಕಿದ್ದ ನಲವತ್ತರಲ್ಲಿ ಹನ್ನೊಂದು ಸತ್ತಿದ್ದವು.

"ಹಕ್ಕಿ ಹೋದರೆ ಹೋಗಲಿ ಡಾಕ್ಟರೇ. ಮಗಳು ಹೆರಿಗೆಗೆ ಬಂದಿದ್ದಾಳೆ. ಪಾರಿವಾಳ ಸಾಯುವ ಮನೆಯಲ್ಲಿ ಮಗು ಉಳಿಯುವುದಿಲ್ಲ ಅಂತ ಇವಳು ಊಟ ಬಿಟ್ಟಿದ್ದಾಳೆ," ಎಂದರು. 'ಇವಳು' ಎಂದರೆ ಅವರ ಹೆಂಡತಿ ಬೀಫಾತುಮ್ಮ. ಹಕ್ಕಿಗಳನ್ನು ಸಾಕುತ್ತಿದ್ದವರೂ ಅವರೇ.

ಹಕ್ಕಿಯನ್ನು ಕೊಯ್ದು ನೋಡಿದೆ. ಎದೆಯ ಮೂಳೆ ಚೂರಿಯ ಅಲಗಿನಂತೆ ಎದ್ದಿತ್ತು. ಕರುಳಿನ ತುಂಬ ಬಿಳಿಯ ದುಂಡುಹುಳುಗಳು ಕಿಕ್ಕಿರಿದಿದ್ದವು. ಹಸನಬ್ಬ ಮುಖ ತಿರುಗಿಸಿದರು. ಆಗಷ್ಟೇ ಬಳಕೆಗೆ ಬಂದಿದ್ದ ಪೈಪರಜಿನ್ ಎಂಬ ಔಷಧ ನನ್ನಲ್ಲಿತ್ತು. ಅದು ಹುಳುಗಳನ್ನು ಮರಗಟ್ಟಿಸುತ್ತದೆ, ಆಮೇಲೆ ಅವು ಹಿಕ್ಕೆಯೊಡನೆ ಹೊರಬೀಳುತ್ತವೆ. ಕುಡಿಯುವ ನೀರಿನಲ್ಲಿ ಬೆರೆಸಿ ಕೊಡಲು ಹೇಳಿ, "ಗೂಡಿನ ಹಿಕ್ಕೆಯನ್ನು ದಿನಾ ಗುಡಿಸಿ ತೆಗೆಯಬೇಕು," ಎಂದೆ. ಅಷ್ಟು ಹೇಳಿ ದೊಡ್ಡ ಕೆಲಸ ಮಾಡಿದವನಂತೆ ಕೈ ತೊಳೆದುಕೊಂಡೆ.

ಸಾವು ನಿಂತಿತು. ಆದರೆ ಒಂದೂವರೆ ತಿಂಗಳ ಬಳಿಕ ಹಕ್ಕಿಗಳು ಮತ್ತೆ ರೆಕ್ಕೆ ಜೋಲಿಸಿ ಕೂತವು. ಮಗಳಿಗೆ ಆಗ ದಿನ ತುಂಬಿತ್ತು. ನಾನು ಹೋದಾಗ ಅಂಗಳದಲ್ಲಿ ನಾಲ್ಕು ಸತ್ತು ಬಿದ್ದಿದ್ದವು. ಬದುಕಿದ್ದವುಗಳಿಂದಲೂ ಸದ್ದಿರಲಿಲ್ಲ. ಆ ಹುಡುಗಿ ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಅವುಗಳನ್ನೇ ನೋಡುತ್ತಾ ಕೂತಿದ್ದಳು. ನನಗೂ ಹೆದರಿಕೆಯಾಯಿತು.

ಅಷ್ಟರಲ್ಲಿ ಬೀಫಾತುಮ್ಮ ಅಕ್ಕಿನುಚ್ಚು ತಂದು ಮಲ್ಲಿಗೆ ಗಿಡಗಳ ಬುಡಕ್ಕೆ ಎರಚಿದರು. ಹಕ್ಕಿಗಳು ಅಲ್ಲಿಗೆ ಇಳಿದವು. ಬಿಸಿಲಿಗೆ ಅಂಗಳವೆಲ್ಲ ಒಣಗಿದ್ದರೂ, ಅಡುಗೆಮನೆಯ ನೀರು ಬೀಳುವ ಆ ಮಣ್ಣು ಮಾತ್ರ ಕಪ್ಪಗೆ ಒದ್ದೆಯಾಗಿತ್ತು.

"ಹಿಕ್ಕೆ ಎಲ್ಲಿಗೆ ಹಾಕ್ತೀರಿ?" ಎಂದೆ.

"ಇಲ್ಲಿಗೇ. ಮಲ್ಲಿಗೆಗೆ ಒಳ್ಳೆಯ ಗೊಬ್ಬರ ಅಲ್ವಾ? ನೀವು ಹೇಳಿದ ಮೇಲೆ ಒಂದು ದಿನವೂ ತಪ್ಪಿಸಲಿಲ್ಲ."

ಹಿಕ್ಕೆಯಲ್ಲಿನ ಹುಳುವಿನ ಮೊಟ್ಟೆ ತೇವದ ಮಣ್ಣಿನಲ್ಲಿ ಎರಡು ಮೂರು ವಾರಗಳಲ್ಲಿ ಬಲಿಯುತ್ತದೆ. ಕಾಳಿನ ಜೊತೆ ಅದು ಮತ್ತೆ ಹಕ್ಕಿಯ ಹೊಟ್ಟೆ ಸೇರುತ್ತಿತ್ತು. ಕಾರಣ ಸಿಕ್ಕಿದ ಉತ್ಸಾಹದಲ್ಲಿ ನನ್ನ ನಾಲಿಗೆ ಜಾರಿತು.

"ಹಾಗಾದರೆ ಹುಳ ತಿನ್ನಿಸಿ ಕೊಂದದ್ದು ನಿಮ್ಮ ಕೈಯೇ."

ಅವರು ಬಟ್ಟಲನ್ನು ಮೆಲ್ಲನೆ ಕೆಳಗಿಟ್ಟರು. ಮಗಳ ಕಡೆ ಒಮ್ಮೆ ನೋಡಿ ಒಳಗೆ ಹೋದರು. ಗುಡಿಸಿ ಎಂದವನು ನಾನು, ಎಲ್ಲಿ ಹಾಕಬೇಕೆಂದು ಹೇಳದವನೂ ನಾನೇ. ಅದು ಆ ಕ್ಷಣವೇ ಹೊಳೆದಿತ್ತು. ಆದರೆ ಪಕ್ಕದಲ್ಲೇ ಇದ್ದ ಹಸನಬ್ಬರ ಎದುರು ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಹಿಕ್ಕೆಯನ್ನು ಸುಣ್ಣ ಹಾಕಿ ಹೂಳಲು, ಕಾಳನ್ನು ಹಲಗೆಯ ಮೇಲೆ ಹಾಕಲು ಹೇಳಿ, ಮದ್ದು ಕೊಟ್ಟು ಬಂದೆ. ಹಕ್ಕಿಗಳು ಉಳಿದವು. ಹೆರಿಗೆಯೂ ಸುಸೂತ್ರವಾಯಿತೆಂದು ಕೇಳಿದೆ. ನನಗೆ ಬೆಳ್ತಂಗಡಿಗೆ ವರ್ಗವಾಯಿತು.

ಕೆಲವು ತಿಂಗಳ ಬಳಿಕ ಬಂಟ್ವಾಳದ ಪಕ್ಕದ ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹಸನಬ್ಬ ಸಿಕ್ಕರು. ಮನೆಯವರನ್ನು ವಿಚಾರಿಸಿದೆ.

"ಮಗು ಚೆನ್ನಾಗುಂಟು. ಆದರೆ ಇವಳು ಅದನ್ನು ಎತ್ತಿಕೊಳ್ಳುವುದಿಲ್ಲ ಡಾಕ್ಟರೇ. ನನ್ನ ಕೈ ಒಳ್ಳೆಯದಲ್ಲ ಅಂತಾಳೆ."

ಬೆಳ್ತಂಗಡಿಯ ಬಸ್ಸು ಬಿಟ್ಟು ಅವರ ಜೊತೆಗೇ ಹೋದೆ. ಬೀಫಾತುಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದರು. ತೊಟ್ಟಿಲಲ್ಲಿ ಮಗು ಅಳುತ್ತಿತ್ತು.

"ತಪ್ಪು ನಿಮ್ಮದಲ್ಲ, ನನ್ನದು. ಹಿಕ್ಕೆ ಎಲ್ಲಿ ಹಾಕಬೇಕು ಅಂತ ನಾನು ಹೇಳಲೇ ಇಲ್ಲ," ಎಂದೆ.

ಅವರು ನಕ್ಕರು. "ನೀವು ಒಳ್ಳೆಯವರು. ನನ್ನ ಸಮಾಧಾನಕ್ಕೆ ಇಷ್ಟು ದೂರ ಬಂದಿರಿ," ಎಂದು, ಮಗುವನ್ನು ಎತ್ತಿಕೊಳ್ಳಲು ಮಗಳನ್ನು ಕರೆದರು.

ತಪ್ಪನ್ನು ಅಂದೇ ಒಪ್ಪಿಕೊಳ್ಳಬೇಕು. ತಡವಾದರೆ ಅದನ್ನು ಯಾರೂ ನಂಬುವುದಿಲ್ಲವೆಂದು ವೃತ್ತಿ ನನಗೆ ಕಲಿಸಿದ್ದು ಆ ಮನೆಯಲ್ಲಿ.