ಭೂತದ ಮನೆಗೆ ಎರಡನೆಯ ಸಲ

ಆ ದೂರಿನ ಹಾಳೆಯಲ್ಲಿ ನನ್ನ ಸಹಿ ಇಲ್ಲ. ಮಕ್ಕಳು ಮರಿ ಬರುವ ಪಾರ್ಕಿನಲ್ಲಿ ಭೂತದ ಮನೆ ಇರಬಾರದು, ಕೂಡಲೇ ಮುಚ್ಚಬೇಕು ಎಂದು ನನ್ನ ನಾದಿನಿ ಬರೆದ ಹಾಳೆ ಅದು. ಅಲ್ಲಿದ್ದವರು ಹತ್ತು ಹನ್ನೆರಡು ಜನ ಅದರ ಕೆಳಗೆ ಸಹಿ ಹಾಕಿದರು. ನಾನೂ ಪೆನ್ನು ಹಿಡಿದಿದ್ದೆ. ಯಾಕೆ ಕೆಳಗಿಟ್ಟೆ ಎಂದು ಮನೆಯವರು ಇವತ್ತಿಗೂ ಕೇಳುತ್ತಾರೆ. ಇದು ಅವರಿಗೆ ಕೊಡುತ್ತಿರುವ ಉತ್ತರ. ತಪ್ಪೊಪ್ಪಿಗೆ ಎಂದು ಯಾರೂ ಓದಿಕೊಳ್ಳಬಾರದು.

ಪಾರ್ಕು ಇರುವುದು ಗೋಕಾಕದಿಂದ ನಮ್ಮ ಮೂಡಲಗಿಗೆ ಬರುವ ದಾರಿಯಲ್ಲಿ, ಕಬ್ಬಿನ ಹೊಲಗಳ ನಡುವೆ. ನೀರಿನ ಜಾರುಬಂಡಿ, ಪುಟ್ಟ ರೈಲು, ಗಿರಮಿಟ್ಟಿನ ಅಂಗಡಿ, ಎಲ್ಲಕ್ಕಿಂತ ಹಿಂದೆ ಭೂತದ ಮನೆ. ಅದರ ಬಾಗಿಲಿಗೆ ಕರಿ ಪರದೆ ಇತ್ತು ಎಂದು ಮೊದಲು ಬರೆದಿದ್ದೆ. ಗಂಡ ಓದಿ, ಪರದೆ ಅಲ್ಲ, ರಬ್ಬರಿನ ಪಟ್ಟಿಗಳನ್ನು ಇಳಿಬಿಟ್ಟಿದ್ದರು ಎಂದರು. ನಾದಿನಿಗೆ ಬಾಗಿಲೇ ನೆನಪಿಲ್ಲ. ಹೀಗಿರುವಾಗ ನಾನು ಹೇಳುವುದೆಲ್ಲ ನಡೆದದ್ದೇ ಎಂದು ಆಣೆ ಮಾಡಲಾರೆ. ಒಂದೆರಡು ಮಾತಿಗೆ ಮಾತ್ರ ಮಾಡಬಲ್ಲೆ. ಅವು ಬಂದಾಗ ಹೇಳುತ್ತೇನೆ.

ಮೊದಲು ಮಗಳ ನಿದ್ದೆಯ ವಿಷಯ. ಅವಳಿಗೆ ಎಂಟು ವರ್ಷ. ಪಾರ್ಕಿಗೆ ಹೋಗುವುದಕ್ಕೆ ಐದಾರು ತಿಂಗಳ ಹಿಂದೆ ನನ್ನ ಅತ್ತೆ, ಅಂದರೆ ಅವಳ ಆಯಿ, ತುಕ್ಕಾನಟ್ಟಿಯ ಮನೆಯಲ್ಲಿ ತೀರಿಕೊಂಡರು. ಮಗು ಹೆದರಬಾರದು ಎಂದು ನಾವು ಮೊದಲು ಮಾಡಿದ ಕೆಲಸ ಅವಳನ್ನು ಹುಕ್ಕೇರಿಗೆ, ನಾದಿನಿಯ ಗಂಡನ ಮನೆಯವರ ಹತ್ತಿರ ಸಾಗಹಾಕಿದ್ದು. ನಾಲ್ಕು ದಿನ ಬಿಟ್ಟು ಕರೆತಂದು ಹೇಳಿದೆವು: ಆಯಿ ಮಲಗಿದ್ದಳು, ಮಲಗಿದಲ್ಲೇ ಶಿವನ ಹತ್ತಿರ ಹೋದಳು. ಆ ನಯವಾದ ಮಾತನ್ನು ಮೊದಲು ಆಡಿದವರು ಯಾರು ಎಂದರೆ ಈಗ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತೇವೆ.

ಅಂದಿನಿಂದ ಮಗಳು ಮಲಗುವುದನ್ನು ಬಿಟ್ಟಳು. ಬೆನ್ನಿಗೆ ದಿಂಬು ಕೊಟ್ಟುಕೊಂಡು ಗೋಡೆಗೆ ಒರಗಿ ಕೂತೇ ತೂಕಡಿಸುತ್ತಿದ್ದಳು. ಮಲಗಿಸಿದರೆ ಎದ್ದು ಕೂರುತ್ತಿದ್ದಳು. ಶಾಲೆಯಲ್ಲಿ ಬೆಂಚಿನ ಮೇಲೆ ನಿದ್ದೆ ಹೋಗುತ್ತಾಳೆ ಎಂದು ಟೀಚರು ನನ್ನನ್ನು ಕರೆಸಿದರು. ಗೋಕಾಕದ ಡಾಕ್ಟರು ಟಾನಿಕ್ ಬರೆದರು. ಬೆಲ್ಲದ ಬಾಗೇವಾಡಿಯ ಬೀಗರು ತಾಯಿತ ಕಟ್ಟಿಸಿರಿ ಎಂದರು. ನಾಲ್ಕು ಮಕ್ಕಳ ನಡುವೆ ನಕ್ಕು ಆಡಿದರೆ ಸರಿಹೋದೀತು ಎಂದು ಪಾರ್ಕಿಗೆ ಹೊರಡಿಸಿದವಳು ನಾದಿನಿ. ಭೂತದ ಮನೆಗೆ ಹೋಗೋಣ ಎಂದು ಹಟ ಹಿಡಿದವಳು ಮಗಳು.

"ಬ್ಯಾಡ್ರಿ ವೈನಿ, ಮೊದಲೇ ಹುಡುಗಿಗೆ ನಿದ್ದಿ ಇಲ್ಲ," ಎಂದಳು ನಾದಿನಿ.

"ಅತ್ತಿ, ನಿನಗ ಅಂಜಿಕಿ ಆದ್ರ ಗಿರಮಿಟ್ಟ ತಿನ್ಕೋತ ಇಲ್ಲೇ ಕುಂದ್ರು," ಎಂದಳು ಮಗಳು.

"ನನಗ್ಯಾಕ ಅಂಜಿಕಿ? ಹದಿನೈದು ವರ್ಷ ಆತು ನಿಮ್ಮ ಮಾಮಾನ ಜೋಡಿ ಬಾಳೇವು ಮಾಡಾಕತ್ತೇನಿ," ಎಂದು ನಾದಿನಿಯೇ ಮುಂದಾದಳು.

ಒಳಗೆ ಎಲುಬಿನ ಗೂಡೊಂದು ಮೈಮೇಲೆ ಹಾರಿತು. ಕೂದಲು ಕೆದರಿದ ಹೆಂಗಸೊಬ್ಬಳು ಮೇಲಿನಿಂದ ಇಳಿದಳು. ಮಗಳು ಚೀರಿದಳು, ಚೀರಿದ ಮೇಲೆ ನಕ್ಕಳು. ಆ ನಗುವನ್ನು ನಾನು ತಿಂಗಳುಗಟ್ಟಲೆ ಕೇಳಿರಲಿಲ್ಲ. ಕೊನೆಯ ಕೋಣೆಯಲ್ಲಿ ಸದ್ದಿರಲಿಲ್ಲ. ಮಂದ ಬಲ್ಬಿನ ಕೆಳಗೆ ಗೋಡೆಗೆ ಒರಗಿಸಿ ಒಂದು ಹೆಣವನ್ನು ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ, ಬಾಯಿ ತೆರೆಯದಂತೆ ಗಲ್ಲದಿಂದ ನೆತ್ತಿಗೆ ಬಿಗಿದ ಬಿಳಿ ಬಟ್ಟೆ, ಬದಿಗೆ ಊದುಬತ್ತಿ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು ಹೀಗೇ ಕೂಡಿಸುತ್ತೇವೆ, ಕೂತಂತೆಯೇ ಹೊತ್ತೊಯ್ದು ಕೂತಂತೆಯೇ ಮಣ್ಣು ಮಾಡುತ್ತೇವೆ.

ನಾದಿನಿ ಚಪ್ಪಲಿ ಬಿಟ್ಟು ಕೈಮುಗಿದಳು. ಇದಕ್ಕೆ ಆಣೆ ಮಾಡಬಲ್ಲೆ. ಮರುಕ್ಷಣ ತಾನು ಕೈಮುಗಿದದ್ದು ಗೊಂಬೆಗೆ ಎಂದು ಹೊಳೆದು, ಅಳುತ್ತ ಬರಿಗಾಲಲ್ಲೇ ಹೊರಗೆ ಓಡಿದಳು. ನಾವು ಅವಳ ಚಪ್ಪಲಿ ಹಿಡಿದು ಹೊರಬರುವಷ್ಟರಲ್ಲಿ ಪಾರ್ಕಿನ ಮ್ಯಾನೇಜರನ್ನು ಹಿಡಿದು ನಿಲ್ಲಿಸಿದ್ದಳು.

"ಫ್ಯಾಮಿಲಿ ಪಾರ್ಕ್ ಅಂತ ಬೋರ್ಡ್ ಹಾಕೀರಿ. ಒಳಗ ಏನ್ ಇಟ್ಟೀರಿ?"

"ಅಕ್ಕಾರ, ಗೋಕಾಕದಾಗ ಗೊಂಬಿ ಮಾಡೋ ಕಾಕಾಗ ಒಂದು ಹೆಣ ಮಾಡಿಕೊಡ್ರಿ ಅಂದಿದ್ವಿ. ಮಾಡಿ ತಂದ್ರು. ಹೆಣ ಹೆಣದಂಗ ಐತಿ ಅಂತ ಇಟ್ಟೀವ್ರಿ."

"ಬ್ಯಾರೆ ಕಡೆ ಪೆಟ್ಟಿಗ್ಯಾಗ ಮಲಗಿಸಿರ್ತಾರ."

"ನಮ್ಮ ಕಡೆ ಯಾರನ್ನ ಪೆಟ್ಟಿಗ್ಯಾಗ ಮಲಗಿಸ್ಯಾರ್ರಿ? ಪೆಟ್ಟಿಗಿ ಇಟ್ರ ಮಂದಿ ಪಾರ್ಸಲ್ ಬಂದೈತಿ ಅಂತಾರ."

ಗೊಂಬೆ ಮಾಡಿದ ಆ ಮುದುಕ ಬದುಕೆಲ್ಲ ಬಣ್ಣದ ಆಟಿಕೆ ಮಾವು, ಪೇರಲ ಮಾಡಿದವನಂತೆ. ಹೆಣದ ಕೆನ್ನೆಗೂ ಪೇರಲದ ಕೆಂಪನ್ನೇ ಹಚ್ಚಿದ್ದ. ಇದು ನಾನು ಅಲ್ಲೇ ಕಂಡದ್ದೋ ಆಮೇಲೆ ಸೇರಿಸಿಕೊಂಡದ್ದೋ ಗೊತ್ತಿಲ್ಲ.

ನಾದಿನಿ ಆಫೀಸಿನಿಂದ ಹಾಳೆ ತರಿಸಿ ದೂರು ಬರೆದಳು. ಅಲ್ಲಿದ್ದ ತಾಯಂದಿರು ಸಾಲಾಗಿ ಸಹಿ ಹಾಕಿದರು. ನನ್ನ ಸರದಿ ಬಂತು. ಪೆನ್ನು ಹಾಳೆಗೆ ತಾಗಿಸಿದ್ದೆ. ಮಗಳು ನನ್ನ ಮೊಣಕೈ ಜಗ್ಗಿದಳು.

"ಮಮ್ಮಿ, ಆಯಿನ್ನೂ ಹಂಗ ಕುಂದ್ರಸಿದ್ರೇನು?"

ಈ ಪ್ರಶ್ನೆಗೂ ಆಣೆ.

"ಹೂಂ," ಎಂದೆ.

"ಮಲಗಿಸಿರಲಿಲ್ಲ?"

"ಇಲ್ಲ."

"ಮತ್ತ ಮಲಕೊಂಡು ಹೋದ್ಳು ಅಂತ ಹೇಳಿದ್ರಿ?"

ನಾದಿನಿ ನಡುವೆ ಬಾಯಿ ಹಾಕಿದಳು. "ವೈನಿ, ಸಣ್ಣ ಕೂಸಿಗೆ ಏನೇನು ಹೇಳಾಕತ್ತೀರಿ? ಸುಮ್ನ ಸಹಿ ಮಾಡ್ರಿ."

"ನಾವು ಸುಳ್ಳ ಹೇಳಿದ್ವಿ," ಎಂದು ಮಗಳಿಗೆ ಹೇಳಿದೆ. "ಆಯಿ ಮುಂಜಾನೆ ಹೂ ಹರಿಯಾಕ ಹೋಗಿದ್ಳು. ನಿಂತಲ್ಲೇ ಎದಿ ನೋವು ಬಂತು, ಬಿದ್ಳು. ಮಲಕೊಂಡಿದ್ದಕ್ಕ ಸತ್ತಿಲ್ಲ."

ಅವಳು ಅಳಲಿಲ್ಲ. ಲೆಕ್ಕ ತಾಳೆ ನೋಡುವವಳ ಹಾಗೆ ನನ್ನ ಮುಖ ನೋಡಿದಳು. ಆಮೇಲೆ ಕೇಳಿದಳು: "ಮಾರಿ ಹೆಂಗಿತ್ತು?"

ನನ್ನಲ್ಲಿ ಉತ್ತರ ಸಿದ್ಧವಿತ್ತು. ಶಾಂತವಾಗಿತ್ತು, ನಿದ್ದೆ ಮಾಡಿದಂತಿತ್ತು ಎಂದು ಬಂದವರಿಗೆಲ್ಲ ಹೇಳಿ ಹೇಳಿ ನನಗೇ ಅದು ಕಣ್ಣಿಗೆ ಕಟ್ಟುತ್ತಿತ್ತು. ಆದರೆ ನಾನು ಆ ಮುಖ ನೋಡಿರಲಿಲ್ಲ. ಆ ದಿನವಿಡೀ ಹಿತ್ತಲಲ್ಲಿ ಬಂದವರಿಗೆ ಚಹಾ ಕಾಸುತ್ತ ನಿಂತಿದ್ದೆ. ಅವರನ್ನು ಕೂಡಿಸಿದ್ದ ಪಡಸಾಲೆ ದಾಟಬೇಕಾದಾಗಲೆಲ್ಲ ಹಿಂಬಾಗಿಲಿನಿಂದ ಸುತ್ತು ಹಾಕಿದ್ದೆ. ಮಗುವನ್ನು ಹುಕ್ಕೇರಿಗೆ ಕಳಿಸೋಣ ಎಂದವಳು ನಾನೇ ಇರಬೇಕು. ಹೆದರಿದವಳು ನಾನು.

"ನಾ ನೋಡಲಿಲ್ಲ. ನನಗ ಅಂಜಿಕಿ ಆಗಿತ್ತು."

"ನಿನಗ?" ಎಂದಳು. ಅವಳ ದನಿಯಲ್ಲಿ ಕನಿಕರಕ್ಕಿಂತ ತಮಾಷೆಯೇ ಹೆಚ್ಚಿತ್ತು. "ಹಂಗಾದ್ರ ನಡಿ, ಈಗ ನೋಡೂಣು."

ಪೆನ್ನು ಕೆಳಗಿಟ್ಟೆ.

ಕುಟುಂಬದ ಪಾರ್ಕಿನಲ್ಲಿ ಹೆದರಿಸುವ ವಸ್ತು ಬೇಡ ಎನ್ನುವವರಿಗೆ ನನ್ನದೊಂದೇ ಮಾತು. ತೀರಾ ಚಿಕ್ಕವರನ್ನು ಒಳಗೆ ಒಯ್ಯಬೇಡಿ, ಅತ್ತರೆ ಹೊರಗೆ ತನ್ನಿ. ಅಷ್ಟು ನೋಡಿಕೊಳ್ಳುವುದು ನಮ್ಮ ಕೆಲಸ, ಅದಕ್ಕಾಗಿ ಕೋಣೆಗೆ ಬೀಗ ಹಾಕಿಸಬೇಡಿ. ಪಾರ್ಕಿನ ಹೆದರಿಕೆಗೆ ಹೊರಬರುವ ಬಾಗಿಲಿತ್ತು, ಬಾಗಿಲಾಚೆ ಗಿರಮಿಟ್ಟಿತ್ತು. ನಾವು ಮಗಳಿಗೆ ಕೊಟ್ಟ ಸಮಾಧಾನಕ್ಕೆ ಬಾಗಿಲೇ ಇರಲಿಲ್ಲ, ಅವಳು ಆರು ತಿಂಗಳು ಅದರೊಳಗೆ ಕೂತಿದ್ದಳು. ಕುಟುಂಬ ಎಂದರೆ ನಗುವವರು ಮಾತ್ರವೇ? ನಮ್ಮ ಕುಟುಂಬದಲ್ಲಿ ಸತ್ತವರೂ ಇದ್ದಾರೆ. ಅವರನ್ನು ಕೂಡಿಸಿ, ಸಿಂಗರಿಸಿ, ಊರಿಗೆಲ್ಲ ತೋರಿಸುವ ನಾವು ಮಕ್ಕಳ ಕಣ್ಣು ಮಾತ್ರ ಮುಚ್ಚುತ್ತೇವೆ.

ಎರಡನೆಯ ಸಲ ಮಗಳೇ ಮುಂದೆ ನಡೆದಳು. ಎಲುಬಿನ ಗೂಡು ಹಾರಿದಾಗ "ಸರಿ ಆ ಕಡೆ, ತಡಾ ಆಗೈತಿ," ಎಂದು ಅದಕ್ಕೇ ಗದರಿಸಿದಳು. ಕೊನೆಯ ಕೋಣೆಯಲ್ಲಿ ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು. "ಬಾ," ಎಂದು ಕೈ ಹಿಡಿದು ಎಳೆದಳು. ನೋಡಿದೆ. ಬಣ್ಣ ಹಚ್ಚಿದ ಮಣ್ಣು ಅದು. ಆದರೂ ಮಗಳ ಕೈ ಬಿಡಲಿಲ್ಲ.

ಹಿಂದೆ ಯಾರೋ ಬಂದ ಹಾಗಾಯಿತು. ನಾದಿನಿ. ಈ ಸಲ ಚಪ್ಪಲಿ ಬಿಟ್ಟಿರಲಿಲ್ಲ.

"ಅವ್ವನ ಮಾರಿ ಹಿಂಗ ಇರಲಿಲ್ಲ," ಎಂದಳು. "ಬಾಯಿ ಒಂದು ಕಡೆ ಓರೆ ಆಗಿತ್ತು. ಸಿಟ್ಟಿಗೆದ್ದಂಗ."

"ಯಾರ ಮ್ಯಾಲ?" ಎಂದಳು ಮಗಳು.

"ನಿಮ್ಮ ಮಮ್ಮಿ ಮ್ಯಾಲ. ಊರಿಗೆ ಬಂದಾಗೆಲ್ಲ ಚಹಾ ತಡಾ ಮಾಡತಿದ್ಳಲ್ಲ."

ಮೂವರೂ ನಕ್ಕೆವು. ನಗು ನಿಂತ ಮೇಲೂ ನಾದಿನಿಯ ಭುಜ ಅಲುಗುತ್ತಿತ್ತು. ದೂರನ್ನು ಅವಳು ಹರಿಯಲಿಲ್ಲ. ಕೊಟ್ಟೇ ಬಂದಳು. ಅದು ಅವಳ ಅವ್ವನ ವಿಷಯ, ನಾನು ಬೇಡ ಎನ್ನಲಿಲ್ಲ. ಆ ಗೊಂಬೆ ಈಗಲೂ ಅಲ್ಲಿದೆಯೋ ಇಲ್ಲವೋ ತಿಳಿಯದು. ಹಾಳೆ ಮತ್ತೆ ನನ್ನ ಮುಂದೆ ಬಂದರೂ ನನ್ನ ಸಹಿ ಅದರಲ್ಲಿ ಇರುವುದಿಲ್ಲ.

ಮಗಳು ಆ ದಿನದಿಂದಲೇ ಚೆನ್ನಾಗಿ ಮಲಗಿದಳು ಎಂದು ಬರೆಯಲು ಕೈ ತುರಿಸುತ್ತಿದೆ. ಹಾಗೇನೂ ಆಗಲಿಲ್ಲ. ಮೂಡಲಗಿಗೆ ಮರಳುವಾಗ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಅಡ್ಡಾದಳು, ಅಷ್ಟೇ. ಕಾಲುಗಳನ್ನು ಮಾತ್ರ ಸೀಟಿನ ಮೇಲೆ ಎತ್ತಿಕೊಳ್ಳಲಿಲ್ಲ. ಬೇಕಾದರೆ ಎದ್ದು ಕೂರಬಹುದು ಎಂಬಂತೆ ಅವನ್ನು ಕೆಳಗೇ ಊರಿದ್ದಳು.